ಹೆಬ್ಬೆರಳು ಎಡವದ ಪೆನ್ನು

ಅಳತೆಯ ವಿಷಯದಲ್ಲಿ ನನ್ನೆದುರು ನಿಲ್ಲುವವನು ಇನ್ನೂ ಹುಟ್ಟಿಲ್ಲ; ಹುಟ್ಟಿದ್ದರೆ ಅವನ ತೊಟ್ಟಿಲ ಬಟ್ಟೆ ಹೊಲಿದವನೂ ನಾನೇ ಇರಬೇಕು. ನಲವತ್ತೊಂದು ವರ್ಷ ಕತ್ತರಿ ಹಿಡಿದಿದ್ದೇನೆ. ರಸ್ತೆಯ ಆ ಬದಿಯಲ್ಲಿ ಹೋಗುವವನ ಎದೆ ಎಷ್ಟು, ಸೊಂಟ ಎಷ್ಟು, ಮಧ್ಯಾಹ್ನ ಎಷ್ಟು ತುತ್ತು ಉಂಡಿದ್ದಾನೆ ಎಂಬುದನ್ನು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಬಲ್ಲೆ. ಒಮ್ಮೆ ಸೊಳ್ಳೆಯೊಂದು ಮೂಗಿನ ಮುಂದೆ ಹಾರಿತು. ಅದು ಗೋಡೆ ಮುಟ್ಟುವಷ್ಟರಲ್ಲಿ ಅದಕ್ಕೊಂದು ತುಂಬುತೋಳಿನ ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ನಾನು ಲೆಕ್ಕ ಹಾಕಿ ಮುಗಿಸಿದ್ದೆ. ಕೊರಳಿಗೆ ನೇತುಹಾಕಿಕೊಳ್ಳುವ ನನ್ನ ಟೇಪು ಸುಳ್ಳು ಹೇಳಿದ್ದನ್ನು ಕಂಡವರಿಲ್ಲ. ಇದನ್ನು ನಮ್ಮ ಬೀದಿಯಲ್ಲಿ ಎಲ್ಲರೂ ಒಪ್ಪುತ್ತಾರೆ, ಒಬ್ಬಳನ್ನು ಬಿಟ್ಟು. ನಾನು ಹೇಳಹೊರಟಿರುವುದು ಆ ಒಬ್ಬಳ ವಿಷಯ.

ಅವಳು ನನ್ನ ಅಂಗಡಿಯ ಗೋಡೆಗೆ ಗೋಡೆ ಹಚ್ಚಿದ ಲೇತಿನ ಅಂಗಡಿಯವಳು. ಅವಳ ಗಂಡನನ್ನು ದುಂಡಣ್ಣ ಎನ್ನುತ್ತಿದ್ದೆವು. ಆಸಾಮಿಯೇನೂ ದುಂಡಗಿರಲಿಲ್ಲ, ಕೊಡೆಯ ಕಡ್ಡಿಯ ಹಾಗಿದ್ದ. ಆದರೆ ಚೌಕಾಕಾರದ ಮರ ಕಂಡರೆ ಅವನ ಕೈ ತುರಿಸುತ್ತಿತ್ತು. ಲೇತಿಗೆ ಏರಿಸಿ ದುಂಡಗೆ ಕಡೆದು ಇಳಿಸಿದ ಮೇಲೆಯೇ ಅವನಿಗೆ ನಿದ್ದೆ. ಮೇಜಿನ ಕಾಲು, ಬಾಗಿಲ ಹಿಡಿ ಮಾಡುತ್ತಿದ್ದವನು ಕಡೆಯ ಹದಿನೈದು ವರ್ಷ ಮರದ ಪೆನ್ನು ಹಿಡಿದ. ಕೋರ್ಟಿನ ಮುಂದಿನ ಕಾಗದದಂಗಡಿಯವರು ಅವನ ಪೆನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು.

ಅವನ ಪೆನ್ನಿನ ಗುಟ್ಟೆಲ್ಲ ಹೆಬ್ಬೆರಳಲ್ಲಿತ್ತು. ಪೆನ್ನಿನ ಮರ ಮುಗಿದು ಲೋಹದ ಮೂತಿ ಶುರುವಾಗುವ ಕಡೆ ಒಂದು ಸಂದು ಇರುತ್ತದಲ್ಲ, ಅದರ ಮೇಲೆ ಹೆಬ್ಬೆರಳ ಉಗುರನ್ನು ಓಡಿಸುತ್ತಿದ್ದ. ಉಗುರು ಎಡವಿದರೆ ಪೆನ್ನು ಕಸದ ಡಬ್ಬಿಗೆ. "ಕಣ್ಣು ನೆಂಟ ಇದ್ದ ಹಾಗೆ, ಮುಖ ನೋಡಿ ಹೊಗಳಿಬಿಡತ್ತೆ. ಹೆಬ್ಬೆರಳು ದಾಯಾದಿ, ತಪ್ಪನ್ನೇ ಹುಡುಕತ್ತೆ" ಎನ್ನುತ್ತಿದ್ದ.

ಹೆಂಡತಿಗೆ ಬೀದಿಯಿಟ್ಟ ಹೆಸರು ಹೊಟ್ಟಕ್ಕ. ಇಪ್ಪತ್ತಾರು ವರ್ಷ ಅವಳು ಆ ಲೇತಿನ ಕೆಳಗಿನ ಮರದ ಹೊಟ್ಟು ಗುಡಿಸಿದ್ದಳು. ಒಂದು ಕಡೆ ರಾಶಿ ಹಾಕಿದ್ದರೆ ಅದರ ಮೇಲೆ ಹತ್ತಿ ನಿಂತು ಚಂದ್ರನ ಮೇಲಿನ ಜೇಡರ ಬಲೆ ತೆಗೆಯಬಹುದಿತ್ತು. ಗುಡಿಸುವುದು, ಅಂಟು ಕಲಸುವುದು, ಪಾಲಿಶ್ ಬಟ್ಟೆ ಒಗೆಯುವುದು ಅವಳದು. ಉಳಿ ಮಾತ್ರ ಮುಟ್ಟುವಂತಿರಲಿಲ್ಲ. ಒಮ್ಮೆ ಕೇಳಿದಳಂತೆ. "ಬೆರಳು ಹೋಗತ್ತೆ ಕಣೇ, ಆಮೇಲೆ ಅಡುಗೆ ಯಾರು ಮಾಡ್ತಾರೆ?" ಅಂದನಂತೆ ದುಂಡಣ್ಣ. "ನಿಮ್ಮ ಬೆರಳು ಹೋದ್ರೆ ಉಣ್ಣಿಸೋರು ಯಾರು?" ಅಂದಳಂತೆ ಇವಳು. ಆ ಮಾತು ಅಲ್ಲಿಗೇ ನಿಂತಿತು.

ಬೆರಳೊಂದೇ ಹೋಗಿದ್ದರೆ ಚೆನ್ನಾಗಿತ್ತು. ಒಂದು ಬೆಳಗ್ಗೆ ಉಳಿ ಕೈಜಾರಿ ಬಿದ್ದ ಸದ್ದು ಕೇಳಿಸಿತು. ಹಿಂದೆಯೇ ಮನುಷ್ಯ ಬಿದ್ದ ಸದ್ದು. ಲಕ್ವ. ಬಲಗಡೆ ಪೂರ್ತಿ ಹೋಯಿತು, ನಾಲಿಗೆಯೂ ಅದರ ಜೊತೆಗೇ ಹೋಯಿತು. ಉಳಿದದ್ದು ಎಡಗೈ, ಅದರಲ್ಲೂ ಹೆಬ್ಬೆರಳು ಮಾತ್ರ ಮೊದಲಿನಷ್ಟೇ ಚುರುಕು. ಲೇತಿನ ಹಿಂದೆ ಪರದೆ ಕಟ್ಟಿದ ಕೋಣೆಯಲ್ಲಿ ಅವನನ್ನು ಮಂಚದ ಮೇಲೆ ಮಲಗಿಸಿದರು. ಡಾಕ್ಟರು ಹೊಟ್ಟಕ್ಕನನ್ನು ಪರದೆಯಾಚೆ ಕರೆದು, "ತಿಂಗಳಲ್ಲಿ ಎಣಿಸಮ್ಮ, ವರ್ಷದಲ್ಲಿ ಬೇಡ" ಎಂದರು. ಪರದೆ ತೆಳ್ಳಗಿತ್ತು, ಒಳಗಿದ್ದವನಿಗೆ ನಾಲಿಗೆ ಹೋಗಿತ್ತೇ ಹೊರತು ಕಿವಿ ಹೋಗಿರಲಿಲ್ಲ.

ಮರುವಾರ ಮೈದುನ ಬಂದ. ದುಂಡಣ್ಣನ ತಮ್ಮ, ಊರಿನ ಆ ಕೊನೆಯಲ್ಲಿ ಬಾಗಿಲು ಕಿಟಕಿ ಮಾಡುವ ಬಡಗಿ. ಲೇತು ಅವರಪ್ಪನದು, ಅವನಿಗೂ ಅದರಲ್ಲಿ ಪಾಲಿತ್ತು.

"ಅತ್ತಿಗೆ, ತಪ್ಪು ತಿಳ್ಕೋಬೇಡ. ಅಣ್ಣ ಇನ್ನು ಏಳಲ್ಲ. ಲೇತ್ ಸುಮ್ನೆ ತುಕ್ಕು ಹಿಡಿಯತ್ತೆ. ನಾನು ತಗೊಂಡು ಹೋಗ್ತೀನಿ."

"ನಾನು ಕಡೀತೀನಿ."

"ನೀನಾ? ಉಳಿ ಯಾವ ಕಡೆ ಹಿಡೀಬೇಕು ಗೊತ್ತಾ?"

"ಇಪ್ಪತ್ತಾರು ವರ್ಷ ಹೊಟ್ಟು ಗುಡಿಸಿದೀನಪ್ಪ. ಉಳಿ ಯಾವ ಕಡೆ ಇದ್ರೆ ಹೊಟ್ಟು ಯಾವ ಕಡೆ ಬೀಳತ್ತೆ ಅಂತ ನಿನಗಿಂತ ಚೆನ್ನಾಗಿ ಗೊತ್ತು."

ಮೈದುನ ಕೆಟ್ಟವನಲ್ಲ. ತಲೆ ಕೆರೆದುಕೊಂಡ, ಮಂಚದ ಕಡೆ ನೋಡಿದ. "ಆಯ್ತು. ಅಣ್ಣನೇ ಹೇಳಲಿ. ಅವನಿರೋದ್ರೊಳಗೆ ನಿನ್ನ ಕೈಯಿನ ಒಂದೇ ಒಂದು ಪೆನ್ನು ಅವನು ಒಪ್ಪಿ ಕೈಯಲ್ಲಿ ಇಟ್ಕೊಳ್ಳಲಿ, ಲೇತ್ ನಿಂದೇ. ಇಲ್ಲಾಂದ್ರೆ ಬಂದು ಬಿಚ್ಕೊಂಡು ಹೋಗ್ತೀನಿ." ಮಂಚದ ಮೇಲಿನ ಹೆಬ್ಬೆರಳು ಮೇಲೆದ್ದು ನಿಂತಿತು. ಒಪ್ಪಿಗೆ. ಸಾಕ್ಷಿಗೆ ನಾನಿದ್ದೆ.

ಕಲಿಯುವ ಕೈಯ ಪಾಡು ಹೇಳಲಾಗದು. ಪೆನ್ನು ಎಂದರೆ ಬೆರಳುದ್ದದ ಮರ, ಅದೇನು ಮಹಾ ಎಂದು ನಾನೂ ಅಂದುಕೊಂಡಿದ್ದೆ. ಮರದ ತುಂಡಿಗೆ ಉದ್ದಕ್ಕೂ ತೂತು ಕೊರೆಯಬೇಕು, ಒಳಗೆ ಹಿತ್ತಾಳೆ ಕೊಳವೆ ಅಂಟಿಸಬೇಕು, ತುದಿಯನ್ನು ನೇರ ಮಾಡಬೇಕು, ಉಕ್ಕಿನ ಕಡ್ಡಿಗೆ ಪೋಣಿಸಿ ಲೇತಿಗೆ ಏರಿಸಿ ಕಡೆಯಬೇಕು, ಉಪ್ಪುಕಾಗದದಲ್ಲಿ ಉಜ್ಜಬೇಕು, ಪಾಲಿಶ್ ಹಚ್ಚಬೇಕು, ಕಡೆಗೆ ಲೋಹದ ಭಾಗಗಳನ್ನು ಒತ್ತಿ ಕೂಡಿಸಬೇಕು. ಒಂದೊಂದು ಹೆಜ್ಜೆಯಲ್ಲೂ ಒಂದೊಂದು ಗುಂಡಿ, ಹೊಟ್ಟಕ್ಕ ಎಲ್ಲ ಗುಂಡಿಗೂ ಬಿದ್ದು ಆಳ ನೋಡಿ ಬಂದಳು.

ಮೊದಲನೆಯದಕ್ಕೆ ಅವಸರದಲ್ಲಿ ತೂತು ಕೊರೆದಳು. ಮರ ಬಿಸಿಯೇರಿ ಸೀಳಿತು. ಎರಡನೆಯದರ ತುದಿ ಓರೆ. ಲೋಹದ ಮೂತಿ ಕೂಡಿಸಿದರೆ ಒಂದು ಕಡೆ ಮುಚ್ಚಿ ಇನ್ನೊಂದು ಕಡೆ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದಿತ್ತು. ಐದನೆಯದು ಅಲುಗಾಡಬಾರದೆಂದು ತಿರುಪನ್ನು ಜೀವ ಹೋಗುವಂತೆ ಬಿಗಿದಳು; ಉಕ್ಕಿನ ಕಡ್ಡಿ ಕೂದಲೆಳೆಯಷ್ಟು ಬಾಗಿ, ಪೆನ್ನು ಮೊಟ್ಟೆಯ ಆಕಾರಕ್ಕೆ ಬಂತು. ಆಕಾರದ ಕಥೆ ಬೇರೆಯೇ. ಒಂದು ಪೆನ್ನಿನ ನಡು ಎಷ್ಟು ಉಬ್ಬಿತ್ತೆಂದರೆ, ಅದನ್ನು ನೋಡಿದ ನಾನು "ಹೆರಿಗೆ ಯಾವಾಗಮ್ಮ?" ಎಂದೆ. ಅವಳು "ನಿಮ್ಮದಾದ ಮೇಲೆ" ಎಂದು ನನ್ನ ಹೊಟ್ಟೆ ನೋಡಿದಳು.

ಮುಗಿದ ಒಂದೊಂದನ್ನೂ ಪರದೆ ಸರಿಸಿ ಒಳಗೆ ಒಯ್ಯುತ್ತಿದ್ದಳು. ದುಂಡಣ್ಣ ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಹೆಬ್ಬೆರಳ ಉಗುರು ಓಡಿಸುತ್ತಿದ್ದ. ಒಂದು ಗಳಿಗೆ. ಆಮೇಲೆ ಬೆರಳು ಬಿಚ್ಚುತ್ತಿದ್ದ. ಪೆನ್ನು ನೆಲಕ್ಕೆ. ಟಕ್. ನನ್ನ ಅಂಗಡಿಗೂ ಕೇಳಿಸುತ್ತಿತ್ತು ಆ ಸದ್ದು.

ಇಪ್ಪತ್ತು ದಾಟಿದ ಮೇಲೆ ತೂತು ನೇರ ಬಂತು, ತುದಿಯ ಓರೆ ಹೋಯಿತು, ಆಕಾರವೂ ತಿದ್ದಿಕೊಂಡಿತು. ನಡು ಸಣ್ಣಗೆ ತುಂಬಿ, ತುದಿಗೆ ಹೋಗುತ್ತ ಹೋಗುತ್ತ ಇಳಿಯುವ ಗೆರೆ; ಕೈಗೆ ಕೊಟ್ಟರೆ ಕೈ ಬಿಡಲು ಮನಸ್ಸಾಗದು. ಆದರೂ ಟಕ್. ಉಗುರು ಸಂದಿನ ಹತ್ತಿರ ಎಡವುತ್ತಲೇ ಇತ್ತು. ಲೋಹ ಮರಕ್ಕಿಂತ ಒಂದು ಹುಬ್ಬಿನ ಕೂದಲಷ್ಟು ಎತ್ತರ.

ನನ್ನ ಹತ್ತಿರ ಬಂದು ಕೇಳಿದಳು. ಬೀದಿಯಲ್ಲಿ ಅಳತೆಗೆ ನಾನೇ ತಾನೆ? ಹೋಗಿ ನೋಡಿದೆ. ಮರದ ಎರಡು ತುದಿಗೂ ಒಂದೊಂದು ಉಕ್ಕಿನ ಬಿಲ್ಲೆ ಪೋಣಿಸಿರುತ್ತಾರೆ, ಬುಷ್ ಎನ್ನುತ್ತಾರೆ. ಲೋಹದ ಮೂತಿ ಎಷ್ಟು ದಪ್ಪವೋ ಬುಷ್ ಅಷ್ಟೇ ದಪ್ಪ. ಮರವನ್ನು ಅದಕ್ಕೆ ಸಮ ಬರುವವರೆಗೆ ಇಳಿಸಿದರೆ ಆಯಿತು. ಅವಳು ಹಾಗೇ ಇಳಿಸಿದ್ದಳು, ಸಮವಾಗಿಯೇ ಇತ್ತು.

"ಬುಷ್ ಸರಿಯಿದೆಯಲ್ಲಮ್ಮ. ಹಾಗಿದ್ರೆ ನಿನ್ನ ಕೈಯೇ ತಪ್ಪು."

"ಕೈ ಸಮಕ್ಕೇ ನಿಲ್ಲಿಸ್ತಿದೆ ಅಣ್ಣಾ."

"ನೋಡು, ನಲವತ್ತೊಂದು ವರ್ಷದ ಅನುಭವ ಹೇಳ್ತೀನಿ. ಅಳತೆ ಯಾವತ್ತೂ ತಪ್ಪಲ್ಲ. ತಪ್ಪೋದು ಕೈ, ಇಲ್ಲಾ ಗಿರಾಕಿ."

ಗಿರಾಕಿಯ ಮಾತೇಕೆ ಬಂತೆಂದರೆ, ಆ ವರ್ಷ ನಮ್ಮ ಬೀದಿಯಲ್ಲಿ ಎಲ್ಲರೂ ಅದೇಕೋ ಸೊರಗುತ್ತಿದ್ದರು. ಹಳೆಯ ಪುಸ್ತಕದಲ್ಲಿ ಬರೆದಿಟ್ಟ ಅಳತೆಗೆ ಸರಿಯಾಗಿ ಹೊಲಿದುಕೊಟ್ಟರೆ ಒಬ್ಬೊಬ್ಬರಿಗೂ ಅಂಗಿ ಜೋಲಾಡುತ್ತಿತ್ತು. ಕಾಲ ಕೆಟ್ಟಿದೆ, ಜನಕ್ಕೆ ಊಟ ಮೈಗೆ ಹತ್ತುತ್ತಿಲ್ಲ ಎಂದು ನಾನು ಮರುಕಪಡುತ್ತಿದ್ದೆ. ಅದೇ ವಾರ ದುಂಡಣ್ಣನಿಗೂ ಒಂದು ಅಂಗಿ ಹೊಲಿದು ಒಯ್ದಿದ್ದೆ. ಹಾಸಿಗೆ ಹಿಡಿದವನನ್ನು ಎಬ್ಬಿಸಿ ಅಳೆಯುವುದೇಕೆಂದು ಹನ್ನೊಂದು ವರ್ಷದ ಹಿಂದಿನ ಅಳತೆ ನೋಡಿಯೇ ಕತ್ತರಿಸಿದ್ದು. ಇಬ್ಬರೂ ಸೇರಿ ತೊಡಿಸಿದೆವು. ಭುಜ ತೋಳಿಗೆ ಇಳಿಯಿತು, ತೋಳು ಬೆರಳ ಗಿಣ್ಣಿಗೆ ಇಳಿಯಿತು.

"ಅಯ್ಯೋ, ಎಷ್ಟು ಇಳಿದುಹೋಗಿದ್ದೀಯೋ ಮಾರಾಯ" ಎಂದೆ. ಬಾಯಿಂದ ಬಂದುಬಿಟ್ಟಿತು.

ದುಂಡಣ್ಣ ಗೋಡೆಗೆ ಮುಖ ತಿರುಗಿಸಿದ. ಅವತ್ತು ಗಂಜಿ ಮುಟ್ಟಲಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಹೊಟ್ಟಕ್ಕ ಚಮಚೆಯಿಂದ ಹಲ್ಲು ಬಿಡಿಸಿ ಉಣ್ಣಿಸಿದಳು. ಅಂಗಿಯನ್ನು ಮಡಿಸಿ ನನ್ನ ತೊಡೆಯ ಮೇಲಿಟ್ಟಳು, ಅಷ್ಟೆ.

ಮೂವತ್ತೆಂಟನೆಯ ಪೆನ್ನಿಗೆ ಅವಳಿಗೆ ರೋಸಿಹೋಯಿತು. ಲೋಹದ ಮೂತಿ ಕೂಡಿಸುವ ಗೋಜಿಗೇ ಹೋಗದೆ, ಉಕ್ಕಿನ ಕಡ್ಡಿಯನ್ನು ಬುಷ್ ಸಮೇತ ಲೇತಿನಿಂದ ಬಿಚ್ಚಿ ಒಳಗೊಯ್ದು ಅವನ ಕೈಗೆ ಕೊಟ್ಟಳು. "ಇಲ್ಲೇ ಹೇಳಿ, ಎಲ್ಲಿ ಎಡವತ್ತೆ?" ಉಗುರು ಮರದಿಂದ ಬುಷ್ ಮೇಲಕ್ಕೆ ಎಣ್ಣೆ ಹರಿದ ಹಾಗೆ ಹೋಯಿತು. ಎಡವಲಿಲ್ಲ. ದುಂಡಣ್ಣ ಕಣ್ಣು ಬಿಟ್ಟ. ಕಡ್ಡಿಯನ್ನು ಎದೆಗೊತ್ತಿ, ತುದಿಯ ಬುಷ್ ಒಂದನ್ನು ಎಡಗೈಯಿಂದ ಜಾರಿಸಿ ತೆಗೆದ, ಮುಷ್ಟಿ ಮುಚ್ಚಿದ. ಎಲ್ಲ ಪೆನ್ನನ್ನೂ ಬಿಟ್ಟವನು ಅದನ್ನು ಬಿಡಲೊಲ್ಲ. ಕೇಳಿದರೆ ತಲೆಯಾಡಿಸುತ್ತಾನೆ, ಗಂಟಲಲ್ಲಿ ಗೊರಗೊರ, ಕಣ್ಣಲ್ಲಿ ನೀರು.

"ಮಗುವಿನ ಬುದ್ಧಿ ಬಂದಿದೆ ಪಾಪ. ಆಟದ ಸಾಮಾನು ಅಂದ್ಕೊಂಡಿದಾನೆ" ಎಂದೆ ನಾನು.

ಹೊಟ್ಟಕ್ಕ ಒಂದೊಂದೇ ಬೆರಳು ಬಿಡಿಸಿ ಬುಷ್ ಕಿತ್ತುಕೊಂಡಳು. ಅವನು ಆ ಕೈಯಲ್ಲೇ ಮಂಚದ ಪಟ್ಟಿಗೆ ಗುದ್ದಿಕೊಂಡ. ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ ಅವನು. ಅವಳು ಕೊಟ್ಟರೆ ಮುಷ್ಟಿಯೇ ಬಿಚ್ಚುತ್ತಿರಲಿಲ್ಲ.

ಐದನೆಯ ದಿನ ಬೆಳಗ್ಗೆ ಅವಳು ನನ್ನ ಅಂಗಡಿಗೆ ನುಗ್ಗಿದಳು. ಒಂದು ಕೈಯಲ್ಲಿ ಬುಷ್, ಇನ್ನೊಂದರಲ್ಲಿ ಹೊಸ ಲೋಹದ ಮೂತಿ. ಎರಡನ್ನೂ ಬೆನ್ನಿಗೆ ಬೆನ್ನು ಹಚ್ಚಿ ನನ್ನ ಮೂಗಿನ ಕೆಳಗೆ ಹಿಡಿದಳು. "ಉಗುರು ಓಡಿಸಿ." ಓಡಿಸಿದೆ. ಎಡವಿತು.

"ಅವರು ಆಟ ಆಡಲಿಲ್ಲ ಅಣ್ಣಾ, ಪಾಠ ಹೇಳಿದ್ರು. ಬುಷ್ ಸವೆದಿದೆ. ನಾನು ಮರ ಉಜ್ಜೋವಾಗೆಲ್ಲ ಉಪ್ಪುಕಾಗದ ಇದರ ಮೇಲೂ ಹೋಗ್ತಿತ್ತು. ಪೆನ್ನಿಗೊಂದು ಚೂರು, ಪೆನ್ನಿಗೊಂದು ಚೂರು. ಅವರ ಕಾಲದಲ್ಲೇ ಅರ್ಧ ಸವೆದಿತ್ತು, ಉಳಿದದ್ದು ನಾನು ತಿಂದೆ. ಈ ಕಳ್ಳನಿಗೆ ಸಮ ಮಾಡೋಕೆ ಹೋಗಿ ಮೂವತ್ತೆಂಟು ಮರ ಕೊಂದೆ."

ದುಂಡಣ್ಣ ಬುಷ್ಷನ್ನು ಎಂದೂ ನಂಬಿರಲಿಲ್ಲ. ಮರ ಅಲುಗದಿರಲಿ ಎಂದು ಪೋಣಿಸುತ್ತಿದ್ದ, ಅಷ್ಟೆ. ಕೂಡಿಸಬೇಕಾದ ಮೂತಿಯಿಂದಲೇ ಅಳತೆ ತೆಗೆಯುತ್ತಿದ್ದ. ಹೊಟ್ಟು ಗುಡಿಸುವವಳ ಕಣ್ಣು ನೆಲದ ಮೇಲಿತ್ತು, ಅದು ಅವಳಿಗೆ ಕಂಡಿರಲಿಲ್ಲ. ಅವನು ಹೇಳಿರಲಿಲ್ಲ; ಹೇಳಬೇಕೆನ್ನಿಸಿದಾಗ ನಾಲಿಗೆ ಇರಲಿಲ್ಲ.

ಆಮೇಲಿನದು ಕಾಲದ ಜೊತೆಗಿನ ಓಟ. ದುಂಡಣ್ಣನ ಉಸಿರು ಕಟ್ಟಿ ಕಟ್ಟಿ ಬರತೊಡಗಿತ್ತು. ಅವಳು ಪ್ರತಿ ಸಲವೂ ಲೇತು ನಿಲ್ಲಿಸಿ, ಮೂತಿಯ ದಪ್ಪಕ್ಕೆ ಕಚ್ಚಿಸಿಟ್ಟ ಎರಡು ಕಾಲಿನ ಅಳತೆಗವೆಯನ್ನು ಮರಕ್ಕೆ ಹಿಡಿದು ನೋಡುತ್ತಿದ್ದಳು. ಮರವನ್ನು ಬುಷ್ಷಿಗಿಂತ ಎತ್ತರಕ್ಕೇ ಬಿಟ್ಟು, ಕೊನೆಯ ಕೂದಲೆಳೆಯನ್ನು ಉಪ್ಪುಕಾಗದಕ್ಕೆ ಉಳಿಸಿದಳು. ಮೂವತ್ತೊಂಬತ್ತಕ್ಕೆ ಅತಿಯಾಗಿ ಉಜ್ಜಿದಳು. ನಲವತ್ತಕ್ಕೆ ಕೊಳವೆಯ ಅಂಟು ಬಿಟ್ಟಿತು. ನಲವತ್ತೊಂದನೆಯದಕ್ಕೆ ತುಂಬ ಮೊದಲೇ ಅವಳು ನನ್ನ ಸಲಹೆ ಕೇಳುವುದನ್ನು ಬಿಟ್ಟಿದ್ದಳು. ಅದೇ ಕಾರಣಕ್ಕೆ ಇರಬೇಕು, ಅದು ಸರಿಯಾಗಿ ಬಂತು. ಅರಗಿನ ಪಾಲಿಶ್ ಹಚ್ಚಿ ಒಂದು ಹಗಲು ಮುಟ್ಟದೆ ಇಡಬೇಕೆಂದು ಅವಳಿಗೂ ಗೊತ್ತು. ಆದರೆ ಒಳಗೆ ಉಸಿರಿನ ಸದ್ದು ಕೇಳುತ್ತಿತ್ತು. ಹಸಿ ಪಾಲಿಶ್ ಇರುವಾಗಲೇ ಮೂತಿ ಒತ್ತಿ ಕೂಡಿಸಿ ಒಯ್ದಳು.

ನಾನು ಮಂಚದ ಬಳಿ ಕೂತು ಆ ಜೋಲು ಅಂಗಿಯ ಪಕ್ಕೆ ಬಿಚ್ಚಿ ಕಿರಿದು ಮಾಡುತ್ತಿದ್ದೆ. ಹೊಟ್ಟಕ್ಕ ಪೆನ್ನನ್ನು ಅವನ ಕೈಯಲ್ಲಿಟ್ಟಳು.

"ನನಗೆ ನೋಡೋಕಾಗಲ್ಲ. ನೀವು ನೋಡ್ತಿರಿ ಅಣ್ಣಾ. ಕಣ್ಣು ತೆಗೀಬೇಡಿ."

"ಹೋಗಮ್ಮ. ನನ್ನ ಕಣ್ಣು ತಪ್ಪಿಸಿ ಈ ಕೋಣೆಯಲ್ಲಿ ಧೂಳಿನ ಕಣವೂ ಕೂರಲ್ಲ" ಎಂದೆ.

ಅವಳು ಹೊರಗೆ ಹೋಗಿ ಪೊರಕೆ ಹಿಡಿದಳು. ಟಕ್ ಸದ್ದು ಕೇಳಬಾರದೆಂದು ಗಟ್ಟಿಯಾಗಿ ಗುಡಿಸುತ್ತಿದ್ದಳು. ನನಗೆ ಸೂಜಿಯ ದಾರ ಜಾರಿತು. ದಾರದ ತುದಿ ನೆಕ್ಕಿ, ಸೂಜಿಯನ್ನು ಬೆಳಕಿಗೆ ಹಿಡಿದು ಪೋಣಿಸಿದೆ. ಎಷ್ಟು ಹೊತ್ತು? ಒಂದು ನಿಮಿಷ. ಎರಡಿದ್ದರೂ ಇರಬಹುದು. ತಲೆಯೆತ್ತಿದಾಗ ಪೆನ್ನು ಅವನ ಕೈಯಲ್ಲೇ ಇತ್ತು, ಬೆರಳು ಮುಚ್ಚಿದ್ದವು, ಎದೆ ಏಳುತ್ತಿರಲಿಲ್ಲ.

ನಾನು ಕೂಗಲಿಲ್ಲ. ಪೊರಕೆಯೇ ನಿಂತಿತು. ಪರದೆ ಸರಿಸಿ ಬಂದವಳು ಮೊದಲು ನೋಡಿದ್ದು ಅವನ ಮುಖ, ಆಮೇಲೆ ಕೈ, ಆಮೇಲೆ ನೆಲ. ನೆಲದಲ್ಲಿ ಏನೂ ಇರಲಿಲ್ಲ. ಮಂಚದ ಪಟ್ಟಿಯ ಮೇಲೆ ಕೂತಳು. "ಬೆರಳು ಓಡಿತಾ?" ಎಂದಳು.

"ಓಡಿತಮ್ಮ. ಮೂರು ಸಲ. ಕಣ್ಣಾರೆ ಕಂಡೆ" ಎಂದೆ.

ಅವಳು ನನ್ನ ಕೈಯ ಸೂಜಿಯನ್ನು ನೋಡಿದಳು. ಅದರಲ್ಲಿ ಹೊಸ ದಾರವಿತ್ತು.

ಸುದ್ದಿ ಹೋಗಿ ಮೈದುನ ಬಂದ. ಅಣ್ಣನ ಕಾಲ ಬಳಿ ಕೂತು ಅತ್ತ, ಮೂಗೊರೆಸಿಕೊಂಡ, ಆಮೇಲೆ ಮುಚ್ಚಿದ ಕೈಯನ್ನು ನೋಡಿದ. ನಾನು ನನ್ನ ಮೂರು ಸಲದ ಸಾಕ್ಷಿ ಹೇಳಿದೆ. ಹೇಳುತ್ತ ಹೇಳುತ್ತ ಐದು ಸಲವಾಯಿತು.

"ಟೈಲರಣ್ಣ, ನಿಮ್ಮ ಮಾತು ಬಿಡಿ, ಊರಿಗೇ ಗೊತ್ತು. ಸತ್ತ ಕೈ ಕೊಟ್ಟಿದ್ದನ್ನ ಹಿಡ್ಕೊಳ್ಳತ್ತೆ, ಕಲ್ಲು ಕೊಟ್ರೂ ಹಿಡ್ಕೊಳ್ಳತ್ತೆ. ಅತ್ತಿಗೆ, ಇದು ಲೆಕ್ಕಕ್ಕೆ ಬರಲ್ಲ."

ಸುಳ್ಳನ ಬಾಯಲ್ಲಿ ನಿಜ ಹೇಳಿಸಿದರೂ ಅದಕ್ಕೆ ತೂಕವಿಲ್ಲ. ನಾನು ಹೇಳಿದ್ದು ನಿಜವೂ ಅಲ್ಲ.

ಹೊಟ್ಟಕ್ಕ ಬೆರಳುಗಳನ್ನು ಬಿಡಿಸಿದಳು. ಬುಷ್ ಕಿತ್ತುಕೊಂಡ ದಿನದ ಹಾಗಲ್ಲ, ಮಲಗಿದ ಮಗುವಿನ ಕೈಯಿಂದ ಏನನ್ನೋ ತೆಗೆಯುವ ಹಾಗೆ. ಪೆನ್ನನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಹಿಡಿದೇ ನಿಂತಳು.

"ಬಾರಪ್ಪ ಇಲ್ಲಿ."

ಹಸಿ ಪಾಲಿಶ್ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ಮರದ ನಡುವಿನಿಂದ ಹೊರಟ ಹೆಬ್ಬೆರಳ ಗುರುತು, ಉಗುರಿನ ಒಂದು ಸಣ್ಣ ಗೆರೆ, ನೇರ ಸಂದಿನವರೆಗೆ. ಸಂದು ದಾಟಿದ ಮೇಲೆ ಲೋಹದ ಮೇಲೆ ಅದೇ ಗೆರೆಯ ಅಂಟಿನ ಎಳೆ. ವಾಪಸ್ಸು ಬಂದದ್ದರ ಗೆರೆ ಪಕ್ಕದಲ್ಲೇ. ಎಲ್ಲಿಯೂ ಕೊಂಕಿಲ್ಲ, ಎಲ್ಲಿಯೂ ನಿಂತಿಲ್ಲ. ಹೋಗಿ ಬಂದ ಮೇಲೆ ಹೆಬ್ಬೆರಳು ಒಂದೇ ಕಡೆ ಒತ್ತಿ ಕೂತಿತ್ತು. ಅಲ್ಲಿ ಅದರ ಸುಳಿಯೆಲ್ಲ ಪೂರ್ತಿ ಮೂಡಿತ್ತು.

"ಸತ್ತ ಕೈ ಹಿಡ್ಕೊಳ್ಳತ್ತೆ, ಸರಿ. ಹೋಗಿ ಬರತ್ತಾ?" ಎಂದಳು.

ಮೈದುನ ತನ್ನ ಬಡಗಿಯ ಹೆಬ್ಬೆರಳನ್ನು ಸಂದಿನ ಮೇಲೆ ಒಮ್ಮೆ ಓಡಿಸಲು ಎತ್ತಿದವನು, ಗುರುತು ಅಳಿಸೀತೆಂದು ಕೈ ಹಿಂದಕ್ಕೆ ತೆಗೆದ. ಹೊರಡುವಾಗ ಲೇತಿನ ಬಳಿ ನಿಂತು, "ಬೆಲ್ಟ್ ಸಡಿಲ ಆಗಿದೆ ಅತ್ತಿಗೆ, ನಾಳಿದ್ದು ಹೊಸದು ತಂದು ಹಾಕ್ತೀನಿ" ಎಂದ.

ಇದಾಗಿ ಏಳೆಂಟು ತಿಂಗಳು. ಹೊಟ್ಟಕ್ಕನ ಪೆನ್ನು ಈಗ ಕೋರ್ಟಿನ ಮುಂದಿನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿದೆ. ನಲವತ್ತೊಂದನೆಯದು ಮಾತ್ರ ಕಿಟಕಿಯ ಮೇಲಿನ ಮೊಳೆಯಲ್ಲಿ ನೇತಾಡುತ್ತದೆ. ಅದಕ್ಕೆ ಎರಡನೆಯ ಸಲ ಪಾಲಿಶ್ ಹಚ್ಚಿಲ್ಲ. ಸವೆದ ಬುಷ್ ಅದರ ಪಕ್ಕದ ಮೊಳೆಯಲ್ಲಿದೆ.

ಮೊನ್ನೆ ಮಧ್ಯಾಹ್ನ ಅಲ್ಲಿ ಕೂತು ಅವಳು ಕಡೆಯುವುದನ್ನು ನೋಡುತ್ತಿದ್ದೆ. ಹೊಗಳಬೇಕೆನ್ನಿಸಿತು. "ನೋಡಮ್ಮ, ಈ ಬೀದಿಯಲ್ಲಿ ಅಳತೆ ಬಲ್ಲವರು ಇಬ್ಬರೇ. ಮೊದಲು ನಾನು, ಆಮೇಲೆ ನೀನು" ಎಂದೆ.

ಅವಳು ಲೇತು ನಿಲ್ಲಿಸಿದಳು. ನನ್ನ ಕೊರಳಿಂದ ಟೇಪನ್ನು ಎಳೆದುಕೊಂಡಳು. ಬೆಂಚಿನ ಮೇಲೆ ಹಾಸಿ, ತನ್ನ ಒಂದಡಿಯ ಉಕ್ಕಿನ ಸ್ಕೇಲನ್ನು ಅದರ ಪಕ್ಕ ಒಂದರ ಹಿಂದೊಂದು ಐದು ಸಲ ಮಲಗಿಸಿದಳು. ಐದಡಿ, ಅರವತ್ತು ಇಂಚು. ನನ್ನ ಟೇಪು ಅಲ್ಲಿ ಐವತ್ತೇಳೂವರೆ ತೋರಿಸುತ್ತಿತ್ತು. ನಲವತ್ತೊಂದು ವರ್ಷ ನಾನು ಎಳೆದೆಳೆದು ಅದು ಹಿಗ್ಗಿತ್ತು; ಹಳೆಯ ಪುಸ್ತಕದ ಅಳತೆಗೆ ಅದರಲ್ಲಿ ಕತ್ತರಿಸಿದರೆ ಬಟ್ಟೆ ದೊಡ್ಡದಾಗದೆ ಇರುತ್ತದೆಯೇ?

ನನಗೆ ಜೋಲಾಡಿದ ಅಂಗಿಗಳೆಲ್ಲ ಒಂದೊಂದಾಗಿ ನೆನಪಾದವು. ಗೋಡೆಗೆ ತಿರುಗಿದ ಒಂದು ಮುಖವೂ.

"ಹಳೇದಾಯ್ತಲ್ಲಮ್ಮ... ಬಟ್ಟೆಯ ಟೇಪು..." ಎಂದು ತೊದಲಿದೆ.

ಹೊಟ್ಟಕ್ಕ ಟೇಪನ್ನು ಸುತ್ತಿ, ಸವೆದ ಬುಷ್ ಇದ್ದ ಮೊಳೆಗೇ ನೇತುಹಾಕಿ, ಲೇತಿನ ಕಡೆ ತಿರುಗಿದಳು.

"ನನ್ನ ಗಂಡ ಸೊರಗಿರಲಿಲ್ಲ ಟೈಲರಣ್ಣ. ನಿಮ್ಮ ಟೇಪು ಕೊಬ್ಬಿತ್ತು."